ಟಿವಿ ಬಂತು, ಮಾಷ್ಟ್ರು ಹೋದರು

ಕಳೆದ ತಿಂಗಳು ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ಇತ್ತು. ವಿಷಯ ಎರಡೇ. ಜುಬೈಲಿನಲ್ಲಿರುವ ಹಳೆ ವಿದ್ಯಾರ್ಥಿಗಳು ಸೇರಿ ಕೊಟ್ಟ ದೊಡ್ಡ ಸ್ಮಾರ್ಟ್ ಟಿವಿಯನ್ನು ಯಾವ ಕೋಣೆಯಲ್ಲಿ ಹಾಕುವುದು ಅಂತ ಒಂದು. ವರ್ಗಾವಣೆಯಾಗಿ ಹೋದ ಗಣಿತದ ಮಾಷ್ಟ್ರ ಜಾಗಕ್ಕೆ ಏನು ಮಾಡುವುದು ಅಂತ ಇನ್ನೊಂದು. ಟಿವಿಯ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಗೋಡೆಯಲ್ಲಿ ತೇವ ಉಂಟಾ, ಕಿಟಕಿಗೆ ಗ್ರಿಲ್ ಉಂಟಾ, ರಾತ್ರಿ ಕಳ್ಳರು ಬಂದರೆ ಯಾರು ಜವಾಬ್ದಾರಿ ಎಂದೆಲ್ಲಾ. ಮಾಷ್ಟ್ರ ವಿಷಯಕ್ಕೆ ಬರುವಾಗ ಅಸರ್ ಬಾಂಗ್ ಕೇಳಿತು. ಒಬ್ಬರು ಏಳುತ್ತಾ, "ಟಿವಿ ಬಂತಲ್ಲಾ ಮಾರಾಯ್ರೆ, ಅದರಲ್ಲೇ ಎಲ್ಲಾ ಪಾಠ ಉಂಟಂತೆ. ಇನ್ನು ಮಾಷ್ಟ್ರು ಎಂತಕ್ಕೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಆ ಮಾತು ತಲೆಯಿಂದ ಹೋಗಲಿಲ್ಲ. ಅದು ಬರೀ ತಮಾಷೆ ಅಲ್ಲ ಅನ್ನಿಸತೊಡಗಿತು. ಸರಕಾರಿ ಶಾಲೆಗೆ ಶಿಕ್ಷಕರನ್ನು ಕೊಡುವುದು ಖರ್ಚಿನ ಕೆಲಸ. ಸಂಬಳ, ಪಿಂಚಣಿ, ರಜೆ ಎಲ್ಲಾ ಇರುತ್ತದೆ. ಟಿವಿ ಒಂದು ಸಲದ ಖರ್ಚು, ಅದಕ್ಕೆ ವರ್ಗಾವಣೆಯೂ ಇಲ್ಲ. ಇವತ್ತು ನಮ್ಮ ಸಭೆಯಲ್ಲಿ ನಗಾಡುತ್ತಾ ಹೇಳಿದ್ದನ್ನು ನಾಳೆ ಯಾರೋ ಅಧಿಕಾರಿ ಕಡತದಲ್ಲಿ ಗಂಭೀರವಾಗಿ ಬರೆದರೆ ನಾವು ಏನು ಉತ್ತರ ಕೊಡುತ್ತೇವೆ? ನಾವೇ ಕೇಳಿ ಪಡೆದ ಟಿವಿ ಅಲ್ವಾ ಅದು.

ಹೋದ ಮಾಷ್ಟ್ರು ವಿಜಯಪುರದ ಕಡೆಯವರು. ನಮ್ಮ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಆ ಕಡೆಯ ಶಿಕ್ಷಕರು ಬಹಳ ಮಂದಿ ಇದ್ದಾರೆ ಎಂಬುದು ನಿಮಗೂ ಗೊತ್ತು. ಇವರು ನಮ್ಮಲ್ಲಿ ಹನ್ನೊಂದು ವರ್ಷ ಇದ್ದರು. ಬರುವಾಗ ಅವರ ಮಾತು ನಮಗೆ ಅರ್ಥ ಆಗುತ್ತಿರಲಿಲ್ಲ, ನಮ್ಮ ಮಾತು ಅವರಿಗೆ ಅರ್ಥ ಆಗುತ್ತಿರಲಿಲ್ಲ. ಹೋಗುವಾಗ ಬ್ಯಾರಿ ಭಾಷೆಯಲ್ಲಿ ಮಕ್ಕಳನ್ನು ಗದರಿಸುವಷ್ಟು ಕಲಿತಿದ್ದರು. ಊರಲ್ಲಿ ವಯಸ್ಸಾದ ತಾಯಿ ಇದ್ದಾರೆ, ಹೋದದ್ದು ತಪ್ಪು ಅನ್ನಲಾರೆ. ಆದರೆ ಐದನೇ ಕ್ಲಾಸಿನ ಮಗು ಭಾಗಾಕಾರದಲ್ಲಿ ಎಲ್ಲಿ ಎಡವುತ್ತದೆ ಅಂತ ಅದರ ಮುಖ ನೋಡಿಯೇ ಹೇಳುತ್ತಿದ್ದ ಮನುಷ್ಯ ಅವರು. ಆ ಜಾಗದಲ್ಲಿ ಈಗ ಟಿವಿ ನೇತಾಡುತ್ತಿದೆ.

ಈ ಮಾತು ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ನಾನು ಮಂಗಳೂರು ಬಂದರಿನಲ್ಲಿ ಒಣಹಣ್ಣಿನ ವ್ಯಾಪಾರ ಮಾಡುವವನು. ಒಣದ್ರಾಕ್ಷಿಗಾಗಿ ವರ್ಷಕ್ಕೆ ಒಂದೆರಡು ಸಲ ವಿಜಯಪುರಕ್ಕೆ, ಅಲ್ಲಿಂದ ತಿಕೋಟಾ ಕಡೆಗೆ ಹೋಗುತ್ತೇನೆ. ತಿಕೋಟಾ ಅಂದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ವಿಜಯಪುರದಿಂದ ಅಥಣಿ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರ. ಮೊದಲು ವಿಜಯಪುರ ತಾಲೂಕಿನಲ್ಲೇ ಇತ್ತು, ಬಬಲೇಶ್ವರದ ಜೊತೆ ಅದೂ ಈಗ ಬೇರೆ ತಾಲೂಕಾಗಿದೆ. ಬೇಸಿಗೆಯಲ್ಲಿ ಹೋದರೆ ದ್ರಾಕ್ಷಿ ತೋಟ, ಅದರ ಪಕ್ಕ ದ್ರಾಕ್ಷಿ ಒಣಗಿಸುವ ಉದ್ದುದ್ದ ಶೆಡ್ಡುಗಳು ಕಾಣುತ್ತವೆ. ನೀರಿದ್ದವನಿಗೆ ದ್ರಾಕ್ಷಿ ಉಂಟು. ನೀರಿಲ್ಲದವನು ಬಸ್ಸು ಹತ್ತಿ ನಮ್ಮ ಕಡೆಗೆ ಬರುತ್ತಾನೆ. ನಮ್ಮಲ್ಲಿ ಸಿಮೆಂಟು ಕಲಸುವವ, ಕಲ್ಲು ಕಟ್ಟುವವ, ರಸ್ತೆ ಅಗೆಯುವವ ಎಲ್ಲರಿಗೂ ನಾವು ಇಟ್ಟ ಹೆಸರು "ಬಿಜಾಪುರದವರು". ಕೊಪ್ಪಳದವನೂ ಬಿಜಾಪುರದವನೇ, ಗದಗದವನೂ ಬಿಜಾಪುರದವನೇ. ಅವರ ಮಕ್ಕಳು ನಮ್ಮ ಸರಕಾರಿ ಶಾಲೆಯ ಬೆಂಚಿನಲ್ಲಿ ಕೂತಿದ್ದಾರೆ. ನಿಜ ಹೇಳಬೇಕಾದರೆ ಕರಾವಳಿಯ ಎಷ್ಟೋ ಸರಕಾರಿ ಶಾಲೆಗಳು ಮುಚ್ಚದೆ ಉಳಿದದ್ದೇ ಆ ಮಕ್ಕಳಿಂದ. ನಮ್ಮ ಮಕ್ಕಳನ್ನು ನಾವು ಹಳದಿ ಬಸ್ಸು ಹತ್ತಿಸಿ ಇಂಗ್ಲಿಷ್ ಮೀಡಿಯಮಿಗೆ ಕಳಿಸಿ ಆಯಿತಲ್ಲ.

2020ರ ಸೆಪ್ಟೆಂಬರಿನಲ್ಲಿ, ಲಾಕ್‌ಡೌನ್ ಸ್ವಲ್ಪ ಸಡಿಲವಾದ ಮೇಲೆ, ಕೋಲ್ಡ್ ಸ್ಟೋರೇಜಿನಲ್ಲಿದ್ದ ಮಾಲು ನೋಡಲು ಆ ಕಡೆ ಹೋಗಿದ್ದೆ. ತಿಕೋಟಾದ ಆಚೆ ಒಂದು ಹಳ್ಳಿಯಲ್ಲಿ ತೋಟದವರ ಮನೆಗೆ ಹೋಗುವ ದಾರಿಯಲ್ಲಿ ಬೇವಿನ ಮರ, ಅದರಡಿ ಹತ್ತು ಹನ್ನೆರಡು ಮಕ್ಕಳು. ಮೂಗಿಗೆ ಟವೆಲು ಕಟ್ಟಿಕೊಂಡಿದ್ದವು. ಎದುರಿನ ಮನೆಯ ಗೋಡೆಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ್ದರು. ಒಬ್ಬರು ಮಾಷ್ಟ್ರು ಅದರಲ್ಲಿ ಭಿನ್ನರಾಶಿ ಬರೆಯುತ್ತಿದ್ದರು. ಅದು ಸರಕಾರ ಆಗಸ್ಟಿನಲ್ಲಿ ಶುರು ಮಾಡಿದ "ವಿದ್ಯಾಗಮ". ಶಾಲೆ ಮುಚ್ಚಿದೆ, ಹಾಗಾಗಿ ಶಿಕ್ಷಕರೇ ಮಕ್ಕಳಿರುವ ಕೇರಿಗೆ ಹೋಗಿ ಗುಡಿ, ಮಸೀದಿ ಅಂಗಳ, ಮರದಡಿ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ಕೂರಿಸಿ ಪಾಠ ಹೇಳಬೇಕು.

ನಾನು ಕರಾವಳಿಯವನು, ಆಗ ನಮ್ಮ ಮನೆಯಲ್ಲಿ ಮೂರು ಮೊಬೈಲಿನಲ್ಲಿ ಮೂರು ಮಕ್ಕಳ ಆನ್‌ಲೈನ್ ಕ್ಲಾಸು ನಡೆಯುತ್ತಿತ್ತು. ಸುಮ್ಮನಿರಲಾಗದೆ ಕೇಳಿದೆ, "ಇಲ್ಲಿ ಆನ್‌ಲೈನ್ ಇಲ್ವಾ ಸರ್?"

"ಆನ್‌ಲೈನ್ ಐತ್ರಿ," ಅಂದರು ಅವರು, ಚಾಕ್‌ಪೀಸಿನ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ಲೈನ್ ಇಲ್ಲ ನೋಡ್ರಿ."

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ವಿದ್ಯಾಗಮದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು. ಇಂಟರ್ನೆಟ್ ಇರುವ ಫೋನಿನ ಮನೆ, ಬರೀ ಮಾತಾಡುವ ಫೋನಿನ ಮನೆ, ಏನೂ ಇಲ್ಲದ ಮನೆ. ಮೂರನೇ ಕಾಲಂ ಎಲ್ಲಕ್ಕಿಂತ ಉದ್ದ ಇತ್ತು. ಮೊದಲನೇ ಕಾಲಮಿನ ಕತೆಯನ್ನೂ ಅವರೇ ಹೇಳಿದರು. "ಫೋನ್ ಐತಿ ಅಂತ ಬರದೇನ್ರಿ. ಆದ್ರ ಮುಂಜಾನೆ ಎದ್ದು ಅದು ಅವರಪ್ಪನ ಕಿಸೇದಾಗ ತೋಟಕ್ಕ ಹೋಗ್ತದ. ಸಂಜಿಗೆ ಬರೂದ್ರಾಗ ಚಾರ್ಜ್ ಇರಂಗಿಲ್ಲ." ನನಗೆ ಆವತ್ತು ತಿಳಿಯಿತು, ಮನೆಯಲ್ಲಿ ಫೋನ್ ಉಂಟು ಅನ್ನುವುದಕ್ಕೂ ಮಗುವಿನ ಕೈಯಲ್ಲಿ ಫೋನ್ ಉಂಟು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಂತ. ದೊಡ್ಡ ಹುಡುಗರು ಆಗಲೇ ತೋಟದ ಕೂಲಿಗೆ ಹೋಗಲು ಶುರು ಮಾಡಿದ್ದರು. ದ್ರಾಕ್ಷಿಯ ಚಾಟ್ನಿ ಕೆಲಸ ಹತ್ತಿರ ಬಂದಿತ್ತು. ಮಾಷ್ಟ್ರು ಮನೆಮನೆಗೆ ಹೋಗಿ ಕರೆಯದಿದ್ದರೆ ಸಣ್ಣವರೂ ಹೋಗುತ್ತಿದ್ದರು.

ಆ ಬೇವಿನ ಮರದ ಶಾಲೆ ಹೆಚ್ಚು ದಿನ ನಡೆಯಲಿಲ್ಲ. ಕೆಲವು ಕಡೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿತು ಎಂಬ ಸುದ್ದಿ ಬಂದು ಅಕ್ಟೋಬರ್ 10ಕ್ಕೆ ಸರಕಾರ ವಿದ್ಯಾಗಮ ನಿಲ್ಲಿಸಿತು. ಜೀವದ ಪ್ರಶ್ನೆ, ತಪ್ಪು ಅನ್ನಲು ನಾನು ಯಾರು? ಆದರೆ ಆಮೇಲೆ ಏನಾಯಿತು ಎಂಬುದು ಮುಖ್ಯ. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದ 1ರಿಂದ 5ನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಒಂದನೇ ಕ್ಲಾಸಿಗೆ ಸೇರಿದ ಮಗು ಶಾಲೆಯ ಕೋಣೆಯನ್ನೇ ಸರಿಯಾಗಿ ನೋಡದೆ ಎರಡನೇ ಕ್ಲಾಸಿಗೆ ಬಂತು.

ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಬೇರೆಯೇ ಜಗಳ ನಡೆಯುತ್ತಿತ್ತು. ಸಣ್ಣ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡ ಅಂತ 2020ರ ಜೂನಿನಲ್ಲಿ ಸರಕಾರ ಆದೇಶ ಮಾಡಿತು. ಜುಲೈ 8ಕ್ಕೆ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಪೇಪರಿನಲ್ಲಿ ದಿನಾ ಅದೇ. ಆದರೆ ಆ ಜಗಳ ಫೀಸು ಕಟ್ಟುವ ಶಾಲೆಗಳದ್ದು. ಬೇವಿನ ಮರದಡಿಯ ಮಕ್ಕಳಿಗೆ ಆನ್‌ಲೈನ್ ಬೇಕು ಅಂದವರೂ ಇಲ್ಲ, ಬೇಡ ಅಂದವರೂ ಇಲ್ಲ. ಅವರ ಪಾಲಿಗೆ ಬಂದದ್ದು ದೂರದರ್ಶನ ಚಂದನದ "ಸಂವೇದ" ಪಾಠ, ಅದೂ ಮೊದಲಿಗೆ 8ರಿಂದ 10ನೇ ತರಗತಿಗೆ, ಜುಲೈ 20ರಿಂದ. ಅದು ಒಳ್ಳೆಯ ಕೆಲಸವೇ. ಮನೆಯಲ್ಲಿ ಟಿವಿ ಮತ್ತು ಕರೆಂಟು ಎರಡೂ ಇದ್ದವರು ನೋಡಿದರು.

ನಾವೂ ಹೆಚ್ಚು ಬೀಗುವ ಹಾಗಿಲ್ಲ. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಬಳ್ಳಕದಲ್ಲಿ ಒಬ್ಬ ಹುಡುಗಿ ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಕೂತು ಎಸ್‌ಎಸ್‌ಎಲ್‌ಸಿ ಪಾಠ ಕೇಳುತ್ತಿದ್ದಳು, ತಂದೆ ಪಕ್ಕದಲ್ಲಿ ನಿಂತು ಕೊಡೆ ಹಿಡಿದಿದ್ದರು. ಆ ಫೋಟೊ ದೇಶವಿಡೀ ಓಡಾಡಿತು. ಎಲ್ಲರೂ ತಂದೆಯ ಪ್ರೀತಿಯನ್ನು ಹೊಗಳಿದರು. ಒಂದು ಮಗುವಿಗೆ ಪಾಠ ಸಿಗಲು ಒಬ್ಬ ಅಪ್ಪ ಕೆಲಸ ಬಿಟ್ಟು ಮಳೆಯಲ್ಲಿ ನಿಲ್ಲಬೇಕಾದರೆ, ಅಪ್ಪ ದಮ್ಮಾಮಿನಲ್ಲಿರುವ ಮಗುವಿಗೆ ಕೊಡೆ ಹಿಡಿಯುವವರು ಯಾರು ಅಂತ ನನಗೆ ಆಗ ಅನ್ನಿಸಿತ್ತು.

ಗಡಿಯಾಚೆ ಉಪ್ಪಳ, ಮಂಜೇಶ್ವರದಲ್ಲಿ ಸಂಬಂಧಿಕರಿದ್ದವರಿಗೆ "ಫಸ್ಟ್ ಬೆಲ್" ನೆನಪಿರಬಹುದು. ಕೇರಳದಲ್ಲಿ 2020ರ ಜೂನ್ 1ಕ್ಕೇ ವಿಕ್ಟರ್ಸ್ ಚಾನೆಲಿನಲ್ಲಿ ಪಾಠ ಶುರುವಾಯಿತು. ನಮಗಿಂತ ಬೇಗ ಅವರಿಗೆ ಹೇಗೆ ಸಾಧ್ಯವಾಯಿತು ಅಂದರೆ, ಆ ಚಾನೆಲ್ 2005ರಿಂದಲೇ ಇತ್ತು. ಇಸ್ರೋ 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಬಳಸಿ ಅವರು ಅದನ್ನು ಕಟ್ಟಿದ್ದರು. ನಮ್ಮ ರಾಜ್ಯದಲ್ಲೂ ಅದೇ ಉಪಗ್ರಹದಿಂದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸುವ ಪ್ರಯೋಗ ನಡೆದಿತ್ತು. ಅಂದರೆ ಪರದೆಯ ಮೇಲೆ ಪಾಠ ಅನ್ನುವುದು ಮೊನ್ನೆ ಹುಟ್ಟಿದ್ದಲ್ಲ, ಅದಕ್ಕೆ ಇಪ್ಪತ್ತು ವರ್ಷ ದಾಟಿತು. ಆದರೂ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮಲಯಾಳದ ಪಾಠ ಪ್ರಯೋಜನಕ್ಕೆ ಬರಲಿಲ್ಲ, ಕನ್ನಡದಲ್ಲಿ ಬೇರೆಯೇ ತಯಾರಿಸಬೇಕಾಯಿತು. ಭಾಷೆಯ ವಿಷಯ ಬಂದಾಗ ಪರದೆಗೆ ಒಂದು ದೊಡ್ಡ ಕಷ್ಟ ಉಂಟು. ಅದು ಒಂದೇ ಭಾಷೆ ಮಾತಾಡುತ್ತದೆ, ಪುಸ್ತಕದ ಭಾಷೆ. ನಮ್ಮ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ ಅಕ್ಷರ, ಶಾಲೆಯಲ್ಲಿ ಕನ್ನಡ. ತಿಕೋಟಾ ಕಡೆ ತಾಂಡಾದ ಮಗು ಲಂಬಾಣಿ ಮಾತಾಡುತ್ತದೆ, ಪಕ್ಕದ ಕೇರಿಯ ಮಗು ದಖನಿ ಉರ್ದು. "ಸರಳ ಬಡ್ಡಿ" ಎಂದರೆ ಏನು ಅಂತ ಆ ಮಗುವಿಗೆ ಅದರ ಮಾತಿನಲ್ಲಿ ಒಂದು ಶಬ್ದ ಹೇಳುವವರು ಎದುರಿಗೇ ಇರಬೇಕು.

ಮದ್ರಸದ ಮಾತು ಬಂತು, ಹೇಳಿಬಿಡುತ್ತೇನೆ. ಲಾಕ್‌ಡೌನಿನಲ್ಲಿ ಮದ್ರಸವೂ ಮೊಬೈಲಿಗೆ ಬಂದಿತ್ತಲ್ಲ. ಬೆಳಿಗ್ಗೆ ಯೂಟ್ಯೂಬಿನಲ್ಲಿ ಉಸ್ತಾದ್ ಓದುತ್ತಿದ್ದರು, ನನ್ನ ಸಣ್ಣ ಮಗ ಟೊಪ್ಪಿ ಹಾಕಿ ಚಾಪೆಯಲ್ಲಿ ಕೂತು ಹಿಂದಿನಿಂದ ಓದುತ್ತಿದ್ದ. ಅವನ ಉಮ್ಮ ಅಡುಗೆ ಮನೆಯಿಂದ ಕೇಳಿ ಖುಷಿ ಪಡುತ್ತಿದ್ದಳು. ಮದ್ರಸ ತೆರೆದ ಮೇಲೆ ಉಸ್ತಾದರು ಒಂದು ಆಯತ್ ಓದಿಸಿ ನೋಡಿದರು. ಅರಬಿಯಲ್ಲಿ "ಹ" ಎರಡು ಬಗೆ ಉಂಟಲ್ಲ, ಗಂಟಲಿನಿಂದ ಬರುವುದು ಒಂದು, ಹಗುರದ್ದು ಒಂದು. ನನ್ನ ಮಗನಿಗೆ ಎರಡೂ ಒಂದೇ ಆಗಿಹೋಗಿತ್ತು. ಅದನ್ನು ಬಿಡಿಸಲು ತಿಂಗಳುಗಳೇ ಬೇಕಾದವು. "ಕಲಿಯದವನಿಗೆ ಕಲಿಸಬಹುದು ಕಾಕ, ತಪ್ಪು ಕಲಿತವನದ್ದು ಡಬಲ್ ಕೆಲಸ" ಎಂದರು ಉಸ್ತಾದ್. ವಿಡಿಯೊದಲ್ಲಿದ್ದ ಉಸ್ತಾದ್ ಚೆನ್ನಾಗಿಯೇ ಓದಿದ್ದರು. ಆದರೆ ಅವರು ನನ್ನ ಮಗ ಓದುವುದನ್ನು ಕೇಳಿಸಿಕೊಳ್ಳಲಿಲ್ಲ.

ಇದು ನನ್ನ ಮನೆಯ ಅನುಭವ ಮಾತ್ರ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2020ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರಕಾರಿ ಶಾಲೆಗಳಲ್ಲಿ ವಿಚಾರಿಸಿದಾಗ ಶೇ. 60ಕ್ಕಿಂತ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ಕೈಗೆಟುಕಿರಲಿಲ್ಲ. ಮಗು ಎಷ್ಟು ಕಲಿತಿದೆ ಅಂತ ಆನ್‌ಲೈನಿನಲ್ಲಿ ಸರಿಯಾಗಿ ತಿಳಿಯಲು ಆಗುವುದಿಲ್ಲ ಎಂದು ಶೇ. 90ರಷ್ಟು ಶಿಕ್ಷಕರು ಹೇಳಿದರು. 2021ರ ಫೆಬ್ರವರಿಯಲ್ಲಿ ಅವರದೇ ಇನ್ನೊಂದು ವರದಿ ಬಂತು. 44 ಜಿಲ್ಲೆಗಳ 1,137 ಸರಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿದರು. ಹಿಂದಿನ ವರ್ಷ ಗೊತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಶೇ. 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ ಶೇ. 82. ಹೊಸತು ಕಲಿಯದ್ದು ಬೇರೆ, ಇದು ಕಲಿತಿದ್ದನ್ನೇ ಕಳಕೊಂಡ ಲೆಕ್ಕ. ಅದನ್ನು ತುಂಬಿಸಲು ಸರಕಾರ 2022-23ರ ಇಡೀ ವರ್ಷವನ್ನು "ಕಲಿಕಾ ಚೇತರಿಕೆ" ಅಂತ ಕರೆದು ಹಿಂದಿನ ಪಾಠ ಮತ್ತೆ ಮಾಡಿಸಬೇಕಾಯಿತು.

ಹಾಗಾದರೆ ಆನ್‌ಲೈನ್ ಬೇಡವೇ? ನಾನು ಹಾಗೆ ಹೇಳಲು ಬರಲಿಲ್ಲ. ನನ್ನ ವ್ಯಾಪಾರವೇ ಅರ್ಧ ವಾಟ್ಸ್‌ಆ್ಯಪಿನಲ್ಲಿ ನಡೆಯುತ್ತದೆ. ಆದರೆ ಒಂದು ಹಿಡಿ ದ್ರಾಕ್ಷಿ ಕೈಯಲ್ಲಿ ಹಿಡಿದು ನೋಡದೆ ನಾನು ಇವತ್ತಿಗೂ ಲೋಡು ಎತ್ತಿಸುವುದಿಲ್ಲ. ಫೋಟೊದಲ್ಲಿ ಎಲ್ಲಾ ದ್ರಾಕ್ಷಿಯೂ ಹೊಳೆಯುತ್ತದೆ.

ಆಫ್ರಿಕಾದ ಬೋಟ್ಸ್ವಾನಾದಲ್ಲಿ 2020ರ ಲಾಕ್‌ಡೌನಿನಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಮನೆಗಳಿಗೆ ವಾರಕ್ಕೊಂದು ಗಣಿತದ ಮೆಸೇಜು ಮಾತ್ರ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಮೆಸೇಜಿನ ಜೊತೆ ಒಬ್ಬರು ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಫೋನ್ ಮಾಡಿ ಮಗುವಿನ ಜೊತೆ ಲೆಕ್ಕ ಮಾಡಿಸಿದರು. ಸ್ಮಾರ್ಟ್‌ಫೋನ್ ಅಲ್ಲ, ಸಾದಾ ಫೋನು. ಬರೀ ಮೆಸೇಜು ಹೋದ ಮನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ಮಾತಾಡಿದ ಮನೆಯ ಮಕ್ಕಳು ಕಲಿತರು. ಈಗ ನಮ್ಮ ರಾಜ್ಯ ಸರಕಾರವೂ ಅದೇ ದಾರಿಯಲ್ಲಿ "ಗಣಿತ ಗಣಕ" ಅಂತ ಶುರು ಮಾಡಿದೆ. 3ರಿಂದ 5ನೇ ತರಗತಿಯ ಮಕ್ಕಳಿಗೆ ಸರಕಾರಿ ಶಿಕ್ಷಕರೇ ಫೋನ್ ಮಾಡಿ ಗಣಿತ ಹೇಳಿಕೊಡುವುದು. ಆನ್‌ಲೈನ್ ಪಾಠದ ಸುದ್ದಿಗಳಲ್ಲಿ ನನಗೆ ಹಿಡಿಸಿದ್ದು ಇದೊಂದು. ಇದರಲ್ಲಿ ದೊಡ್ಡ ಯಂತ್ರ ಇಲ್ಲ, ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ಮಗುವಿನ ಹೆಸರು ಅವನಿಗೆ ಗೊತ್ತು.

ಇದರ ಎದುರಿಗೆ ಆ್ಯಪ್ ಮಾರುವವರನ್ನು ಇಟ್ಟು ನೋಡಿ. ಬೆಂಗಳೂರಿನ ಬೈಜೂಸ್ ಕಂಪೆನಿಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಸರಕಾರಿ ಶಾಲೆಗೆ ಎಷ್ಟೇ ದೋಷ ಇರಲಿ, ಕಂತು ಕಟ್ಟಿಸಿಕೊಂಡು ಬಾಗಿಲು ಎಳೆಯುವ ಭಯ ಇಲ್ಲ.

ಇನ್ನೊಂದು ವಿಷಯ ನಮ್ಮ ಮನೆಗಳಿಗೇ ಸಂಬಂಧಿಸಿದ್ದು, ಸಿಟ್ಟಾಗಬೇಡಿ. "ಆನ್‌ಲೈನ್ ಉಂಟಲ್ಲಾ, ಹುಡುಗಿ ಮನೆಯಲ್ಲೇ ಕೂತು ಓದಲಿ" ಎಂಬ ಮಾತು ಈಗ ಬಹಳ ಕೇಳುತ್ತಿದೆ. 2022ರ ಹಿಜಾಬ್ ಗಲಾಟೆ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಗೇಟಿನಲ್ಲಿ ನಿಂತು ಅತ್ತ ಹುಡುಗಿಯರು, ಇದನ್ನೆಲ್ಲಾ ನೋಡಿದ ಮೇಲೆ ಆ ಮಾತಿಗೆ ಬಲ ಬಂತು. ತಡೆದವರ ಮೇಲೆ ಸಿಟ್ಟು ನ್ಯಾಯವೇ. ಆದರೆ ಅವರು ಕಾಲೇಜಿನ ಗೇಟು ಹಾಕಿದರು ಅಂತ ನಾವು ಮನೆಯ ಬಾಗಿಲೂ ಹಾಕಿದರೆ ಒಳಗೆ ಸಿಕ್ಕಿಬಿದ್ದವಳು ಯಾರು? ಮನೆಯಲ್ಲಿ ಕೂತು ಓದುವ ಹುಡುಗಿಯ ಕ್ಲಾಸು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ನಡುವೆ ಎದ್ದು ನೆಂಟರಿಗೆ ಚಾ ಮಾಡಬೇಕು, ತಮ್ಮನಿಗೆ ಆಟಕ್ಕೆ ಫೋನ್ ಕೊಡಬೇಕು, ಅಜ್ಜಿಗೆ ಮದ್ದು ಕೊಡಬೇಕು. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಮೊದಲು ಯಾರ ಕೈಗೆ ಹೋಗುತ್ತದೆ, ನೀವೇ ಹೇಳಿ. ಆರು ತಿಂಗಳಲ್ಲಿ ಓದು ನಿಂತು ನಿಕಾಹ್ ಮಾತು ಶುರುವಾಗುತ್ತದೆ, ಆಮೇಲೆ "ಅವಳಿಗೇ ಓದಲು ಆಸಕ್ತಿ ಇಲ್ಲ" ಅನ್ನುತ್ತೇವೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವಾಗ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಸಿಗುತ್ತದೆ, 2003ರಲ್ಲಿ ಶುರುವಾದದ್ದು. ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ ಬಸ್ಸಿನಿಂದ ಇಳಿಯುವ ಹುಡುಗಿಯರನ್ನು ನೋಡಬೇಕು. ಬುರ್ಖಾದವರೂ ಇದ್ದಾರೆ, ಇಲ್ಲದವರೂ ಇದ್ದಾರೆ, ಹಳ್ಳಿಯಿಂದ ದಿನಾ ಬಂದು ಹೋಗುವವರು. ನಮಗಿಂತ ಬಡ ಜಿಲ್ಲೆ ಅಂತ ನಾವು ಹೇಳುವ ಜಿಲ್ಲೆ ಅದು. ಓದು ಬಿಡಿ, ಹುಡುಗಿಗೆ ಆ ಬಸ್ಸಿನ ಅರ್ಧ ಗಂಟೆಯೂ ಬೇಕು.

ಹಾಗೆಯೇ ಊಟ. 2021ರ ಡಿಸೆಂಬರಿನಲ್ಲಿ ರಾಜ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ವಿಜಯಪುರವೂ ಅದರಲ್ಲಿತ್ತು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಅಂತಲೇ ಆ ಜಿಲ್ಲೆಗಳನ್ನು ಆರಿಸಿದ್ದು. ಶಾಲೆ ಅಂದರೆ ಪಾಠ ಮಾತ್ರ ಅಂದುಕೊಂಡವರಿಗೆ ಮೊಬೈಲು ಸಾಕು. ಮೊಟ್ಟೆಗೆ ಶಾಲೆಯೇ ಬೇಕು.

ಈಗ ನಮ್ಮ ಶಾಲೆಯ ಒಂದು ಹುಡುಗಿಯ ವಿಷಯ. ಐದನೇ ಕ್ಲಾಸು. ತಿಕೋಟಾ ತಾಲೂಕಿನ ಒಂದು ತಾಂಡಾದವಳು. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸ. ದೀಪಾವಳಿ ಕಳೆದು ಬರುತ್ತಾರೆ, ಯುಗಾದಿಗೆ ವಾಪಸು ಹೋಗುತ್ತಾರೆ. ಪ್ರತಿ ವರ್ಷ ಹೀಗೆ. ಅಲ್ಲಿನ ಶಾಲೆಯಲ್ಲಿ ಅರ್ಧ ಪಾಠ, ಇಲ್ಲಿ ಅರ್ಧ. ಎರಡೂ ಕಡೆ ಮೊದಲರ್ಧವೇ ಸಿಕ್ಕಿ ಕೊನೆಯ ಅರ್ಧ ಎಲ್ಲೂ ಸಿಗದೇ ಹೋಗುವುದೂ ಉಂಟು. ಆದರೆ ಒಂದು ಅನುಕೂಲ ನೋಡಿ, ಪುಸ್ತಕ ಒಂದೇ. ತಿಕೋಟಾದಲ್ಲೂ ಅದೇ ಗಣಿತ, ಇಲ್ಲೂ ಅದೇ ಗಣಿತ. ಸ್ಯಾಟ್ಸ್ ನಂಬರ್ ಅಂತ ಪ್ರತಿ ಮಗುವಿಗೂ ಇಲಾಖೆ ಕೊಟ್ಟಿದೆ, ಕಂಪ್ಯೂಟರಿನಲ್ಲಿ ಹಾಕಿದರೆ ಮಗು ಯಾವ ಶಾಲೆಯಿಂದ ಬಂತು ಗೊತ್ತಾಗುತ್ತದೆ. ಪಾಠ ಪುಸ್ತಕದಲ್ಲಿ ಕ್ಯೂಆರ್ ಕೋಡ್ ಉಂಟು, ದೀಕ್ಷಾದಲ್ಲಿ ಅದರ ವಿಡಿಯೊ ಸಿಗುತ್ತದೆ. ಎಲ್ಲಾ ತಯಾರಿದೆ. ಕೊಂಡಿ ಹಾಕುವ ಕೈ ಮಾತ್ರ ಬೇಕು.

ಹೋದ ಮಾಷ್ಟ್ರು ಆ ಕೊಂಡಿ ಹಾಕುತ್ತಿದ್ದರು. ಅವಳು ಬಂದ ದಿನವೇ ಅವಳ ಊರಿನ ಶಾಲೆಗೆ ಫೋನ್ ಮಾಡಿ, ಯಾವ ಪಾಠದವರೆಗೆ ಆಗಿದೆ, ಎಲ್ಲಿ ಕಷ್ಟ ಪಡುತ್ತಾಳೆ ಅಂತ ಕೇಳಿಕೊಳ್ಳುತ್ತಿದ್ದರು. ಹೋಗುವಾಗ ಇಲ್ಲಿಂದ ಅಲ್ಲಿಗೆ ಹೇಳುತ್ತಿದ್ದರು. ಬೇಸಿಗೆಯಲ್ಲಿ ಎರಡು ಮೂರು ವಿಡಿಯೊ ಕಳಿಸಿ ವಾರಕ್ಕೊಮ್ಮೆ ಅವಳ ಅಪ್ಪನ ಫೋನಿಗೆ ಕರೆ ಮಾಡುತ್ತಿದ್ದರು. ಯಾವ ಯೋಜನೆಯಲ್ಲೂ ಇಲ್ಲದ ಕೆಲಸ ಅದು. ಆನ್‌ಲೈನ್ ಶಿಕ್ಷಣ ಸರಕಾರಿ ಶಾಲೆಯನ್ನು ಬದಲಾಯಿಸಬಹುದು ಅಂತ ಯಾರಾದರೂ ಹೇಳಿದರೆ ನನಗೆ ಕಾಣುವುದು ಇದು. ಒಂದು ಮಗುವಿಗೆ ಎರಡು ಊರಿನ ಇಬ್ಬರು ಶಿಕ್ಷಕರು, ನಡುವೆ ಒಂದು ಫೋನು. ಇಲಾಖೆ ಮನಸ್ಸು ಮಾಡಿದರೆ ವಲಸೆ ಹೋಗುವ ಪ್ರತಿ ಮಗುವಿಗೂ ಇದನ್ನು ಮಾಡಬಹುದು. ಆ ಕರೆಗೆ ಬೇಕಾದ ಹೊತ್ತನ್ನು ಶಿಕ್ಷಕರ ಕೆಲಸದ ಲೆಕ್ಕಕ್ಕೆ ಸೇರಿಸಬೇಕು ಅಷ್ಟೆ. ಆದರೆ ಇದಕ್ಕೆ ಎರಡೂ ಕಡೆ ಶಿಕ್ಷಕರು ಇರಬೇಕು. ಇಲ್ಲಿ ಟಿವಿ, ಅಲ್ಲಿ ಟಿವಿ ಇದ್ದರೆ ಯಾರು ಯಾರಿಗೆ ಫೋನ್ ಮಾಡುವುದು?

ಜುಬೈಲಿನ ನಮ್ಮ ಹುಡುಗರಿಗೆ ಬೇಸರ ಆಗಬಹುದು. ಅವರ ಮನಸ್ಸು ದೊಡ್ಡದು, ಬಿಸಿಲಿನಲ್ಲಿ ದುಡಿದ ದುಡ್ಡು ಅದು. ಟಿವಿ ಬೇಡ ಅನ್ನುತ್ತಿಲ್ಲ, ವಿಜ್ಞಾನದ ಪಾಠದಲ್ಲಿ ಹೃದಯ ಬಡಿಯುವುದನ್ನು ಮಕ್ಕಳು ಅದರಲ್ಲಿ ಬಾಯಿ ಬಿಟ್ಟು ನೋಡುತ್ತಾರೆ. ಆದರೆ ಟಿವಿಗೆ ರಿಬ್ಬನ್ ಕಟ್ ಮಾಡಿ ಫೋಟೊ ತೆಗೆಯಬಹುದು, ಅತಿಥಿ ಶಿಕ್ಷಕಿಯ ಸಂಬಳಕ್ಕೆ ದುಡ್ಡು ಕೊಟ್ಟರೆ ಫೋಟೊ ಬರುವುದಿಲ್ಲ. ನಮ್ಮ ದಾನಗಳೆಲ್ಲಾ ಫೋಟೊ ಬರುವ ಕಡೆಗೇ ಹೋಗುತ್ತವೆ. ಹರೇಕಳ ಹಾಜಬ್ಬರನ್ನು ಎಷ್ಟು ಸಭೆಗೆ ಕರೆದು ಶಾಲು ಹೊದಿಸಿದ್ದೇವೆ! ಕಿತ್ತಳೆ ಮಾರಿ ನ್ಯೂಪಡ್ಪಿನಲ್ಲಿ ಅವರು ಕಟ್ಟಿದ್ದು ಸರಕಾರಿ ಶಾಲೆ. ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನರ ಮಕ್ಕಳು ಸರಕಾರಿ ಶಾಲೆಯಲ್ಲಿದ್ದಾರೆ? ನನ್ನ ಇಬ್ಬರು ಇಲ್ಲ, ಒಬ್ಬ ಇದ್ದಾನೆ. ಹಾಗಾಗಿ ನಾನೂ ಜೋರು ಮಾಡುವ ಹಾಗಿಲ್ಲ.

ಮೊನ್ನೆ ಶನಿವಾರ ಮತ್ತೆ ಸಭೆ ಸೇರಿದೆವು. ಈ ಸಲ ಮಾಷ್ಟ್ರ ವಿಷಯವನ್ನೇ ಮೊದಲು ಇಡಬೇಕು ಅಂತ ನಾನು ಹಟ ಹಿಡಿದೆ. ಶಿಕ್ಷಣಾಧಿಕಾರಿಗಳಿಗೆ ಪತ್ರ ಬರೆಯುವುದು, ಹೊಸಬರು ಬರುವವರೆಗೆ ಅತಿಥಿ ಶಿಕ್ಷಕಿಗೆ ನಾವೇ ದುಡ್ಡು ಒಟ್ಟು ಮಾಡುವುದು ಎಂದಾಯಿತು. ಜುಬೈಲಿಗೂ ವಿಷಯ ತಿಳಿಸಿದ್ದೇವೆ, ಒಬ್ಬ ಆಗಲೇ ಮೂರು ತಿಂಗಳಿನದ್ದು ಕೊಡುತ್ತೇನೆ ಅಂದಿದ್ದಾನೆ, ಹೆಸರು ಹಾಕಬೇಡಿ ಅಂತಲೂ ಹೇಳಿದ್ದಾನೆ.

ಸಭೆ ಮುಗಿದ ಮೇಲೆ ಹೆಡ್ ಟೀಚರ್ ಹಳೆ ರಿಜಿಸ್ಟರಿನಿಂದ ಒಂದು ನಂಬರ್ ಹುಡುಕಿ ತಿಕೋಟಾ ಕಡೆಗೆ ಫೋನ್ ಹಚ್ಚಿದರು. ಆಚೆಯಿಂದ ಒಬ್ಬರು ಅಕ್ಕೋರು ಮಾತಾಡಿದರು. ಈ ಕಡೆಯ ಕನ್ನಡ ಅವರಿಗೆ, ಆ ಕಡೆಯ ಕನ್ನಡ ಇವರಿಗೆ ಒಂದೆರಡು ನಿಮಿಷ ಹೊಂದಿಕೊಳ್ಳಲಿಲ್ಲ. ಆಮೇಲೆ ಸರಿಯಾಯಿತು. "ಭಿನ್ನರಾಶಿ ಮುಗಿಸಿದ್ದೇವೆ, ದಶಮಾಂಶ ಇನ್ನೂ ಆಗಿಲ್ಲ. ಯುಗಾದಿಗೆ ಊರಿಗೆ ಬರ್ತಾಳೆ, ಅಲ್ಲಿಂದ ನೀವು ಹಿಡಿಯಿರಿ" ಎಂದರು ನಮ್ಮ ಟೀಚರ್. "ಆಯ್ತ್ರಿ ಮೇಡಂ, ಹಿಡೀತೀನಿ. ಅಕಿ ನಂಬರ ಕಳಸ್ರಿ" ಅಂದರು ಆ ಕಡೆಯಿಂದ. ಹುಡುಗಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು.